ಕ್ಯಾರಲ್ ಪಟ್ಟಿ

ನವೆಂಬರ್ ಎರಡನೆಯ ವಾರದಲ್ಲಿ ನಮ್ಮ ಕ್ರೈಸ್ತ ಸಭೆಯ ಪರಿಪಾಲನಾ ಸಮಿತಿ ಕ್ರಿಸ್ಮಸ್ಸಿನ ಸಿದ್ಧತೆಗೆಂದು ಸೇರುತ್ತದೆ. ಆದಿತ್ಯವಾರದ ಆರಾಧನೆ ಮುಗಿದ ಮೇಲೆ, ದೇವಾಲಯದ ಹಿಂಬದಿಯ ಕೋಣೆಯಲ್ಲಿ, ಸಭಾಪಾಲಕರ ಪ್ರಾರ್ಥನೆಯೊಡನೆ ಶುರುವಾಗುವ ಈ ಕೂಟದಲ್ಲಿ ಚರ್ಚೆಗೆ ಬರುವ ವಿಷಯಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಹೊರಗೋಡೆಗೆ ಸುಣ್ಣ ಹೊಡೆಸುವುದು, ಗಂಟೆಗೋಪುರಕ್ಕೆ ನಕ್ಷತ್ರ ಏರಿಸುವುದು, ಅದರ ವಯರಿಂಗ್ ಸರಿಯಿದೆಯೇ ಎಂದು ನೋಡಿಸುವುದು, ಆದಿತ್ಯವಾರ ಶಾಲೆಯ ಮಕ್ಕಳ ರೂಪಕ, ಗಾಯನ ಮಂಡಳಿಯ ಅಭ್ಯಾಸದ ದಿನಗಳು, ಸ್ತ್ರೀಯರ ಅನ್ಯೋನ್ಯ ಕೂಟದವರು ಹಂಚುವ ಅಕ್ಕಿ ಮತ್ತು ಬಟ್ಟೆ, ಕ್ರಿಸ್ತಜಯಂತಿಯ ಮುಂಜಾನೆಯ ಆರಾಧನೆ ಎಷ್ಟು ಗಂಟೆಗೆ ಎಂಬ ಹಳೆಯ ಪ್ರಶ್ನೆ, ಇವೆಲ್ಲ ಒಂದೊಂದಾಗಿ ತೀರ್ಮಾನವಾಗುತ್ತವೆ. ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಕೊನೆಯದಾಗಿ, ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡುಗಳನ್ನು ಹಾಡುವ ಕ್ಯಾರಲ್ ಪಟ್ಟಿ ಬರುತ್ತದೆ. ಯಾವ ರಾತ್ರಿ ಯಾವ ಕಡೆಗೆ ಹೋಗುವುದು, ಯಾರ ಮನೆಯಲ್ಲಿ ಎಷ್ಟು ಗಂಟೆಗೆ ಹಾಡುವುದು, ಯಾರ ಮನೆಯಲ್ಲಿ ಊಟ ಎಂಬುದನ್ನು ಬರೆದಿಡುವ ಈ ಕೆಲಸ ಹನ್ನೊಂದು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಹೇಳಿಕೊಳ್ಳುವಂಥ ಕೆಲಸವೇನಲ್ಲ. ಸಭೆಯ ಕುಟುಂಬಗಳ ದಾಖಲೆ ಪುಸ್ತಕವನ್ನು ಮುಂದಿಟ್ಟುಕೊಂಡು, ವಾರ್ಡು ವಾರ್ಡಾಗಿ ಹೆಸರುಗಳನ್ನು ಇಳಿಸಿಕೊಂಡು, ಹೊಸದಾಗಿ ಮನೆ ಬದಲಿಸಿದವರನ್ನು ಕೇಳಿ ತಿಳಿದು, ವರ್ಷದೊಳಗೆ ಸಾವಾದ ಮನೆಗಳಿಗೆ ಮೆಲ್ಲನೆಯ ಹಾಡುಗಳನ್ನೇ ಹಾಡಬೇಕೆಂದು ಪಕ್ಕದಲ್ಲಿ ಒಂದು ಗುರುತು ಹಾಕಿದರೆ ಪಟ್ಟಿ ಸಿದ್ಧವಾಗುತ್ತದೆ. ಹಿಂದೆ ಒಂದು ಸಂಜೆಯಲ್ಲಿ ಮುಗಿಸುತ್ತಿದ್ದೆ. ಈಗ ಎರಡು ವರ್ಷಗಳಿಂದ ನನಗೆ ಅಷ್ಟು ಬೇಗ ಬರೆಯಲು ಆಗುತ್ತಿಲ್ಲ. ಗುಡ್ಡದ ಮೇಲಿನ ಒಂದು ಮನೆಯ ಹೆಸರಿನ ಬಳಿ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಿ, ಬರೆದ ಹೆಸರುಗಳನ್ನೆಲ್ಲ ಮತ್ತೊಮ್ಮೆ ಎಣಿಸಿ ನೋಡುತ್ತೇನೆ. ಈ ವರ್ಷ, ಅಂದರೆ 2025ರಲ್ಲಿ, ಕ್ರಿಸ್ಮಸ್ಸಿಗಾಗಿ ಕಾಯುವ ಆಗಮನ ಕಾಲದ ಮೊದಲ ಆದಿತ್ಯವಾರ ನವೆಂಬರ್ 30ಕ್ಕೆ ಬಿದ್ದಿದೆ. ಪಟ್ಟಿಯನ್ನು ಅದಕ್ಕಿಂತ ಮೊದಲು ದೇವಾಲಯದ ಬಾಗಿಲ ಬಳಿ ಅಂಟಿಸಬೇಕು. ಅದನ್ನು ಬರೆಯುತ್ತ ಕುಳಿತಿರುವಾಗಲೇ ಈ ಬರಹವನ್ನೂ ಬರೆಯುತ್ತಿದ್ದೇನೆ.

ನಾಲ್ಕು ಬತ್ತಿಗಳು

ನಮ್ಮದು ಕರಾವಳಿಯ ಒಂದು ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದಂದಿನಿಂದ ಈ ಸೀಮೆಯಲ್ಲಿ ಹುಟ್ಟಿ ಬೆಳೆದ ಬಾಸೆಲ್ ಮಿಶನ್ ಸಭೆಗಳಲ್ಲಿ ಒಂದು. ಮನೆಯಲ್ಲಿ ತುಳು ಮಾತಾಡುತ್ತೇವೆ, ವೇದಪಾಠವನ್ನು ಕನ್ನಡದಲ್ಲಿ ಓದುತ್ತೇವೆ, ಹಾಡನ್ನು ಎರಡರಲ್ಲೂ ಹಾಡುತ್ತೇವೆ. ಹಾಡುಗಳ ರಾಗಗಳಲ್ಲಿ ಅನೇಕವು ಜರ್ಮನ್ ದೇಶದಿಂದ ಬಂದವು. ಆದರೆ ನಾಲ್ಕೈದು ತಲೆಮಾರುಗಳ ಬಾಯಲ್ಲಿ ಉರುಳಿ ಅವು ಎಷ್ಟು ನಮ್ಮವಾಗಿವೆ ಎಂದರೆ, ನಮ್ಮ ಹಿರಿಯರು ಎಳೆಯುವ ಕಡೆ ಎಳೆದು ನಿಲ್ಲಿಸುವ ಕಡೆ ನಿಲ್ಲಿಸದಿದ್ದರೆ ಅದು ಹಾಡಿದಂತೆಯೇ ಆಗುವುದಿಲ್ಲ.

ಆಗಮನ ಕಾಲ ಬಂತೆಂದರೆ ವೇದಿಯ ಮೇಲಿನ ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗಾಳಿ ಮರದ ಹಸಿರು ರೆಂಬೆಗಳನ್ನು ತಂತಿಯ ಬಳೆಗೆ ಸುತ್ತಿ, ಅದರ ಮೇಲೆ ನಾಲ್ಕು ಮೇಣದ ಬತ್ತಿಗಳನ್ನು ನಿಲ್ಲಿಸಿ, ವಾರಕ್ಕೊಂದರಂತೆ ಹೊತ್ತಿಸುತ್ತೇವೆ. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಈ ಮಾಲೆ ಇರಲಿಲ್ಲ. ಸಭಾಪಾಲಕರೊಬ್ಬರು ಆರಂಭಿಸಿದ್ದು ನಿಂತುಕೊಂಡಿತು. ಅದರ ಮೂಲವನ್ನು ಅವರೇ ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು. 1839ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ಹಿನ್ರಿಚ್ ವಿಖರ್ನ್ ಎಂಬ ಬೋಧಕರು ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಬಂತೇ, ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. ಅವರು ಒಂದು ಹಳೆಯ ಗಾಡಿಯ ಚಕ್ರದ ಮೇಲೆ ವಾರದ ದಿನಗಳಿಗೆ ಸಣ್ಣ ಬತ್ತಿಗಳನ್ನೂ ಆದಿತ್ಯವಾರಗಳಿಗೆ ನಾಲ್ಕು ದೊಡ್ಡ ಬತ್ತಿಗಳನ್ನೂ ಇಟ್ಟು, ದಿನಕ್ಕೊಂದು ಹೊತ್ತಿಸಿ ಮಕ್ಕಳಿಗೆ ಉತ್ತರ ತೋರಿಸಿದರು. ದೇವಾಲಯಗಳಲ್ಲಿ ಇಂದು ಅಂದಕ್ಕಾಗಿ ಇಟ್ಟಂತೆ ಕಾಣುವ ಈ ಮಾಲೆ ಹುಟ್ಟಿದ್ದು, ತಂದೆತಾಯಿಗಳ ಆಸರೆಯಿಲ್ಲದ ಮಕ್ಕಳು ದಿನ ಎಣಿಸುವುದಕ್ಕಾಗಿ ಎಂಬ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಆಗಮನ ಎಂದ ಮೇಲೆ ಬರುವವನೊಬ್ಬನಿರಬೇಕು, ಕಾಯುವವರೂ ಇರಬೇಕು. ನಾವು ನಮ್ಮನ್ನು ಕಾಯುವವರೆಂದೇ ಭಾವಿಸಿಕೊಂಡಿರುತ್ತೇವೆ. ಪ್ರಾರ್ಥನೆಗಳೂ ಹಾಡುಗಳೂ ಹಾಗೆಯೇ ಇವೆ. ಆದರೆ ನಿಜ ಹೇಳಬೇಕೆಂದರೆ ಡಿಸೆಂಬರ್ ತಿಂಗಳಲ್ಲಿ ನನ್ನಂಥ ಸಮಿತಿಯ ಮನುಷ್ಯನಿಗೆ ಕಾಯಲು ಪುರಸೊತ್ತೇ ಇರುವುದಿಲ್ಲ. ಸುಣ್ಣದವನಿಗೆ ಹಣ ಕೊಡಬೇಕು, ಧ್ವನಿವರ್ಧಕದವನಿಗೆ ಮುಂಗಡ ಹೇಳಬೇಕು, ರೂಪಕದ ಕುರುಬರಿಗೆ ಕಂಬಳಿ ಹೊಂದಿಸಬೇಕು, ಬಾಸ್ ಎಂಬ ಗಂಡಸರ ಕೆಳಸ್ವರ ಹಾಡುವವರು ಅಭ್ಯಾಸಕ್ಕೆ ಬರಲಿಲ್ಲವೆಂದು ಅವರ ಮನೆಗೆ ಫೋನು ಮಾಡಬೇಕು. ಮೊದಲ ಬತ್ತಿಗೂ ನಾಲ್ಕನೆಯ ಬತ್ತಿಗೂ ನಡುವಿನ ದಿನಗಳು ನಮಗೆ ಬೇಗ ಮುಗಿದುಹೋಗುತ್ತವೆ. ಬೇಗ ಮುಗಿಯದವರೂ ಸಭೆಯಲ್ಲಿ ಇರುತ್ತಾರೆ ಎಂಬುದು ನನಗೆ ತಿಳಿದದ್ದು ತಡವಾಗಿ.

ದೂರದ ಮನೆ ಮೊದಲು

ನಾನು ಮೊದಲ ಸಲ ಕ್ಯಾರಲ್ ತಂಡದೊಡನೆ ಹೋದಾಗ ನನಗೆ ಒಂಬತ್ತು ವರ್ಷ. ಆಗ ಜೀಪು, ವ್ಯಾನು ಏನೂ ಇರಲಿಲ್ಲ. ಮಳೆಗಾಲದ ಏಣಿಲು ಬೆಳೆ ಕೊಯ್ದು ಉದ್ದು ಬಿತ್ತಿದ ಗದ್ದೆಗಳ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುತ್ತಿದ್ದೆವು. ಮುಂದೆ ಒಬ್ಬರು ಗ್ಯಾಸ್‌ಲೈಟು ಹಿಡಿದಿರುತ್ತಿದ್ದರು. ಅದರ ಮ್ಯಾಂಟಲ್ ಬಹಳ ನಾಜೂಕು. ಎಡವಿದರೆ ಬೂದಿಯಾಗಿ ಉದುರುತ್ತದೆಂದು ಆ ದೀಪ ಹಿಡಿಯುವವರು ಹೆಜ್ಜೆಯನ್ನು ತೂಗಿ ಇಡುತ್ತಿದ್ದರು, ಉಳಿದವರೆಲ್ಲ ಅವರ ನಡಿಗೆಗೆ ಹೊಂದಿಕೊಳ್ಳುತ್ತಿದ್ದೆವು. ಬೆಳಕು ಸೊರಗಿದಾಗ ನಿಂತು ಪಂಪು ಹೊಡೆಯಬೇಕು. ಆಗ ಹಾಡು, ಮಾತು ಎಲ್ಲ ನಿಂತು, ಗದ್ದೆಯ ಆಚೆ ಎಲ್ಲಿಯೋ ನಡೆಯುತ್ತಿದ್ದ ಬಯಲಾಟದ ಚೆಂಡೆಯ ಸದ್ದು ಕೇಳುತ್ತಿತ್ತು. ಆಟದ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲವೂ ಅದೇ ತಾನೆ. ನನ್ನ ಕೈಯಲ್ಲಿ ಕಾಣಿಕೆಯ ಡಬ್ಬಿ ಇತ್ತು. ಅದನ್ನು ಅಲುಗಾಡಿಸದೆ ಹಿಡಿದುಕೊಳ್ಳಬೇಕು, ಅಲುಗಾಡಿಸಿದರೆ ಕೇಳಿ ಪಡೆದಂತಾಗುತ್ತದೆ ಎಂದು ಅಪ್ಪ ಹೊರಡುವಾಗಲೇ ಹೇಳಿಕಳಿಸಿದ್ದರು.

ಆ ಕಾಲದಲ್ಲಿ ತಂಡವನ್ನು ನಡೆಸುತ್ತಿದ್ದವರು ಸಭೆಯ ಹಿರಿಯರೊಬ್ಬರು. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಬಳಿ ಬರೆದ ಪಟ್ಟಿ ಎಂಬುದಿರಲಿಲ್ಲ, ಮನೆಗಳೆಲ್ಲ ತಲೆಯಲ್ಲಿಯೇ ಇದ್ದವು. ಆದರೆ ಒಂದು ಕ್ರಮವನ್ನು ಅವರು ಎಂದೂ ತಪ್ಪಿಸಿದವರಲ್ಲ. ಸಂಜೆ ಏಳಕ್ಕೆ ದೇವಾಲಯದ ಅಂಗಳದಿಂದ ಹೊರಟರೆ ಎಲ್ಲಿಯೂ ನಿಲ್ಲದೆ, ದಾರಿಯಲ್ಲಿ ಸಿಗುವ ಸಭೆಯವರ ಮನೆಗಳನ್ನೂ ದಾಟಿಕೊಂಡು, ಆ ದಿಕ್ಕಿನ ಅತಿ ದೂರದ ಮನೆಗೆ ಮೊದಲು ಹೋಗುತ್ತಿದ್ದರು. ಅಲ್ಲಿ ಹಾಡಿ, ಪ್ರಾರ್ಥಿಸಿ, ಒಂದೊಂದೇ ಮನೆ ಹತ್ತಿರ ಮಾಡಿಕೊಳ್ಳುತ್ತ ದೇವಾಲಯದ ಕಡೆಗೆ ಹಿಂದಿರುಗುವುದು. ಮಕ್ಕಳಾದ ನಮಗೆ ಇದು ಬಹಳ ಕಷ್ಟದ ಕೆಲಸವಾಗಿ ಕಾಣುತ್ತಿತ್ತು. ಜಗಲಿಯಲ್ಲಿ ನಕ್ಷತ್ರ ಕಟ್ಟಿ, ಒಳಗೆ ಕೇಕಿನ ವಾಸನೆ ಬರುತ್ತಿರುವ ಮನೆಯನ್ನು ಬಿಟ್ಟು ಕತ್ತಲೆಯಲ್ಲಿ ಎರಡು ಮೈಲು ಯಾಕೆ ನಡೆಯಬೇಕು ಎಂದು ನಾನು ಕೇಳಿಯೂ ಕೇಳಿದ್ದೆ. ಹತ್ತಿರದವರಿಗೆ ನಾವು ತಡವಾಗಿ ಬಂದರೂ ಗೊತ್ತಾಗುತ್ತದೆ, ಹಾಡು ದೂರದಿಂದಲೇ ಕೇಳುತ್ತದೆ, ದೂರದವರಿಗೆ ನಾವು ಹೊರಟೆವೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ ಎಂದು ಅವರು ಹೇಳಿದರು. ಗಂಟಲು ಒಣಗಿ, ರಾತ್ರಿ ಮೀರಿ ಯಾವುದಾದರೂ ಮನೆ ತಪ್ಪಿಹೋದರೆ ಅದು ಮರುದಿನ ಕಾಲ್ನಡಿಗೆಯಲ್ಲಿ ಹೋಗಿಬರಬಹುದಾದ ಮನೆಯಾಗಿರಬೇಕು ಎಂಬುದು ಅವರ ಲೆಕ್ಕ.

ಮುಂದೆ ರಸ್ತೆಗಳು ಬಂದವು, ವಾಹನ ಬಂತು, ಸಭೆ ಬೆಳೆಯಿತು. ಎಷ್ಟೋ ಮನೆಗಳು ಹೆದ್ದಾರಿಯ ಬದಿಯ ಫ್ಲ್ಯಾಟುಗಳಿಗೆ ಇಳಿದವು. ಎರಡು ಗಿಟಾರು, ಒಂದು ಡ್ರಮ್ಮು, ಸಾಂತಾ ಕ್ಲಾಸ್ ವೇಷ, ಮೂವತ್ತು ಜನ ಯುವಕ ಯುವತಿಯರು ಸೇರಿದ ತಂಡವಾಯಿತು. ಪಟ್ಟಿ ನನ್ನ ಕೈಗೆ ಬಂದಾಗ ನಾನು ಅದನ್ನು ಹತ್ತಿರದ ಮನೆಯಿಂದ ಬರೆಯತೊಡಗಿದೆ. ಯಾರೂ ಹಾಗೆ ಮಾಡೆಂದು ಹೇಳಲಿಲ್ಲ. ವ್ಯಾನು ದೇವಾಲಯದಿಂದ ಹೊರಡುವುದರಿಂದ ಹತ್ತಿರದ ಮನೆ ಮೊದಲು ಬರುವುದು ಸಹಜವೆಂದು ತೋರಿತು, ಅಷ್ಟೆ. ಹಿರಿಯರ ಕ್ರಮ ಕೈಬಿಟ್ಟುಹೋದದ್ದನ್ನು ಆಗ ನಾನು ಗಮನಿಸಲೂ ಇಲ್ಲ.

2023ರ ಡಿಸೆಂಬರ್

ಆಗಮನ ಕಾಲದ ಉದ್ದ ಎಲ್ಲ ವರ್ಷವೂ ಒಂದೇ ಸಮನಾಗಿರುವುದಿಲ್ಲ. ಡಿಸೆಂಬರ್ 25ಕ್ಕೆ ಮೊದಲು ನಾಲ್ಕು ಆದಿತ್ಯವಾರಗಳು ಬರಬೇಕೆಂಬುದಷ್ಟೇ ನಿಯಮವಾದ್ದರಿಂದ, ಕ್ರಿಸ್ಮಸ್ ಯಾವ ವಾರಕ್ಕೆ ಬೀಳುತ್ತದೆ ಎಂಬುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. 2022ರಲ್ಲಿ ಹಬ್ಬವೇ ಆದಿತ್ಯವಾರ ಬಿದ್ದು, ಆಗಮನ ಕಾಲ ನವೆಂಬರ್ 27ಕ್ಕೆ ಶುರುವಾಗಿ ಪೂರ್ಣ 28 ದಿನ ಸಿಕ್ಕಿತ್ತು. ಮರುವರ್ಷ ಹಬ್ಬ ಸೋಮವಾರ ಬಂದಾಗ ಡಿಸೆಂಬರ್ 3ಕ್ಕೆ ಮೊದಲ ಬತ್ತಿ, 24ಕ್ಕೆ ನಾಲ್ಕನೆಯದು. ಒಟ್ಟು 22 ದಿನ. ನಾಲ್ಕನೆಯ ಬತ್ತಿ ಹೊತ್ತಿಸಿದ ಬೆಳಗಿನ ಅದೇ ದಿನ ಸಂಜೆಗೆ ನೇರಳೆ ಬಟ್ಟೆ ತೆಗೆದು ಬಿಳಿಯದನ್ನು ಹಾಸಬೇಕಾಗಿತ್ತು. ಹಿಂದಿನ ವರ್ಷ ಕ್ಯಾರಲಿಗೆ ಎಂಟು ರಾತ್ರಿ ಸಿಕ್ಕಿದ್ದರೆ ಆ ವರ್ಷ ಕಾಲೇಜು ಪರೀಕ್ಷೆ, ಎರಡು ಮದುವೆ ಎಲ್ಲ ಕಳೆದು ಐದೇ ರಾತ್ರಿ ಉಳಿದವು. ಮನೆಗಳು ಮಾತ್ರ ಕಡಿಮೆಯಾಗಿರಲಿಲ್ಲ.

ಸಮಿತಿಯಲ್ಲಿ ನಾನೇ ಒಂದು ಉಪಾಯ ಹೇಳಿದೆ. ವಾಹನ ಹೋಗದ ಕಡೆಯ ಏಳು ಮನೆಗಳಿಗೆ ಪ್ರತ್ಯೇಕವಾಗಿ ಹೋಗುವ ಬದಲು, ರಸ್ತೆಯ ಬದಿಯ ಒಂದು ಮನೆಯಲ್ಲಿ ಆ ಏಳೂ ಮನೆಯವರು ಸೇರಲಿ, ಅಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ಹಾಡೋಣ ಎಂದೆ. ದಾರಿ ಸರಿಯಿಲ್ಲ, ಕಾಲುಸಂಕ ದಾಟಿ ಮುರಕಲ್ಲಿನ ಮೆಟ್ಟಿಲು ಹತ್ತುವಾಗ ಮಕ್ಕಳು ಜಾರಬಹುದು ಎಂಬ ಕಾರಣವನ್ನೂ ಕೊಟ್ಟೆ. ಎಲ್ಲರೂ ಒಪ್ಪಿದರು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಹೋಯಿತು. ಡಿಸೆಂಬರ್ 10ರ ಆದಿತ್ಯವಾರ, ಎರಡನೆಯ ಬತ್ತಿ ಹೊತ್ತಿಸಿದ ಮೇಲೆ, ವೇದಪಾಠವನ್ನು ಓದುವ ಸರದಿ ನನ್ನದಾಗಿತ್ತು. ಬೈಬಲಿನ ಯೆಶಾಯನ ಪುಸ್ತಕದ ನಲವತ್ತನೆಯ ಅಧ್ಯಾಯ. ಅಡವಿಯಲ್ಲಿ ದಾರಿ ಸಿದ್ಧವಾಗಬೇಕು, ತಗ್ಗುಗಳೆಲ್ಲ ಏರಬೇಕು, ಬೆಟ್ಟಗುಡ್ಡಗಳು ಇಳಿಯಬೇಕು ಎಂಬ ಆ ಮಾತುಗಳನ್ನು ನಾನು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿ ಬಂದು ಕುಳಿತೆ. ದಾರಿ ಸರಿಯಿಲ್ಲವೆಂದು ಏಳು ಮನೆಗಳನ್ನು ಬಿಟ್ಟವನು ನಾನೇ ಎಂಬುದು ಓದುವಾಗ ನನಗೆ ಹೊಳೆಯಲಿಲ್ಲ.

ಏಳರಲ್ಲಿ ಆರು ಮನೆಯವರು ಆ ರಾತ್ರಿ ರಸ್ತೆಯ ಬದಿಯ ಮನೆಗೆ ಇಳಿದು ಬಂದರು. ಬಾರದ ಒಂದು ಮನೆ ಗುಡ್ಡದ ಮೇಲೆ ಒಬ್ಬರೇ ಇರುವ ಮಾಮಿಯದು. ಅವರ ಬಳಿ ಇರುವುದು ಗುಂಡಿಯೊತ್ತುವ ಹಳೆಯ ಫೋನು; ವಾಟ್ಸಾಪ್ ಅವರಿಗೆ ತಲುಪುವ ಮಾತೇ ಇರಲಿಲ್ಲ. ಪಕ್ಕದ ಮನೆಯವರು ಹೇಳಿರುತ್ತಾರೆಂದು ನಾನು ತಿಳಿದಿದ್ದೆ, ಸಮಿತಿಯವರು ಹೇಳಿರುತ್ತಾರೆಂದು ಪಕ್ಕದ ಮನೆಯವರು ತಿಳಿದಿದ್ದರು. ಮಂಡಿನೋವಿನಿಂದ ಅವರು ಆ ತಿಂಗಳು ದೇವಾಲಯಕ್ಕೂ ಬಂದಿರಲಿಲ್ಲ. ಅವರು ಬಾರದ್ದನ್ನು ಆ ರಾತ್ರಿ ಯಾರೋ ಎತ್ತಿ ಹೇಳಿದಾಗಲೂ, ಕಾಲು ನೋವಲ್ಲವೇ, ಮಲಗಿರಬೇಕು ಎಂದುಕೊಂಡು ನಾವು ಮುಂದಿನ ಮನೆಗೆ ಹೊರಟೆವು.

ಜನವರಿ ಮೊದಲ ವಾರ, ಸಭೆಯ ಹೊಸ ಕ್ಯಾಲೆಂಡರ್ ಕೊಡುವುದಕ್ಕೆಂದು ನಾನು ಅವರ ಮನೆಗೆ ಹೋದೆ. ಹಂಚು ಹೊದಿಸಿದ ಸಣ್ಣ ಮನೆ, ಮುಂದೆ ಸೆಗಣಿ ಸಾರಿಸಿದ ಅಂಗಳ. ಜಗಲಿಯ ಮಾಡಿಗೆ ಕಾಗದದ ನಕ್ಷತ್ರ ಇನ್ನೂ ತೂಗುತ್ತಿತ್ತು. ಒಳಗೆ ಕರೆದು ಕೂರಿಸಿ, ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿಯನ್ನು ಎಳೆದು ಮುಚ್ಚಳ ತೆಗೆದರು. ಡಬ್ಬಿಯ ತುಂಬ ರೋಸ್ ಕುಕ್ಕೀಸ್. ಒಂದರ ಮೇಲೊಂದು ಹಳೆಯ ಪತ್ರಿಕೆಯ ಹಾಳೆ ಹಾಕಿ, ಒಂದೂ ಮುರಿಯದಂತೆ ಜೋಡಿಸಿಟ್ಟಿದ್ದರು. ಮೇಲಿನ ಸಾಲು ಕೂಡ ಕದಡಿರಲಿಲ್ಲ. "ನೀವು ಮೂವತ್ತು ಜನ ಬರುತ್ತೀರಲ್ಲ ಮಗಾ, ತಲೆಗೆ ಎರಡರಂತೆ ಮಾಡಿದ್ದೆ. ಈಗ ಸ್ವಲ್ಪ ಮೆತ್ತಗಾಗಿರಬೇಕು, ತಿಂದು ನೋಡು," ಎಂದರು.

ಆ ತಿಂಡಿಯನ್ನು ಮಾಡುವುದು ಹೇಗೆಂದು ಬಲ್ಲವರಿಗೆ ಆ ಡಬ್ಬಿಯಲ್ಲಿ ಎಷ್ಟು ಹೊತ್ತಿನ ಕೆಲಸವಿತ್ತೆಂದು ತಿಳಿಯುತ್ತದೆ. ಬೆಳ್ತಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಬೇಕು. ತೆಂಗಿನಕಾಯಿ ಹಾಲು, ಸಕ್ಕರೆ, ಮೊಟ್ಟೆ, ಚಿಟಿಕೆ ಎಳ್ಳು ಸೇರಿಸಿ ಹಿಟ್ಟನ್ನು ಹದಕ್ಕೆ ತರಬೇಕು. ಉದ್ದ ಸರಳಿನ ತುದಿಯಲ್ಲಿರುವ ಕಬ್ಬಿಣದ ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿ ಇಟ್ಟು, ಅದು ಚೆನ್ನಾಗಿ ಕಾದ ಮೇಲೆ ಹಿಟ್ಟಿನಲ್ಲಿ ಅದ್ದಬೇಕು. ಅಚ್ಚಿನ ಮೇಲಂಚು ಮುಳುಗಬಾರದು. ಮುಳುಗಿದರೆ ಹಿಟ್ಟು ಮೇಲಿನಿಂದ ಮುಚ್ಚಿಕೊಂಡು ಹೂವು ಬಿಟ್ಟುಬರುವುದಿಲ್ಲ. ಅಚ್ಚು ಸಾಕಷ್ಟು ಕಾಯದೆ ಅದ್ದಿದರೆ ಹಿಟ್ಟು ಹಿಡಿಯುವುದಿಲ್ಲ, ಮೊದಲ ನಾಲ್ಕೈದು ಹೇಗೂ ಕೆಡುತ್ತವೆ. ಮತ್ತೆ ಎಣ್ಣೆಗೆ ಇಳಿಸಿ, ಮೆಲ್ಲನೆ ಅಲುಗಿಸಿ, ಹೂವು ಕಳಚಿಕೊಂಡು ತೇಲಿದ ಮೇಲೆ ಹೊಂಬಣ್ಣಕ್ಕೆ ತಿರುಗುವವರೆಗೆ ನೋಡಿಕೊಂಡು ತೆಗೆಯಬೇಕು. ಒಂದು ಅಚ್ಚಿಗೆ ಒಂದು ಹೂವು, ಪ್ರತಿ ಸಲವೂ ಅಚ್ಚು ಮತ್ತೆ ಕಾಯಬೇಕು. ಅರುವತ್ತು ಹೂವುಗಳಿಗೆ, ಮಂಡಿ ನೋಯುವ ಎಪ್ಪತ್ತೆಂಟು ವರ್ಷದ ಹೆಂಗಸು ಒಲೆಯ ಮುಂದೆ ಎಷ್ಟು ಹೊತ್ತು ಕುಳಿತಿರಬೇಕೆಂದು ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಾಗ ಅವರು ಬೇರೇನನ್ನೋ ಹೇಳುತ್ತಿದ್ದರು. ಆ ಐದು ರಾತ್ರಿಯೂ ಹೊರಗಿನ ದೀಪ ಆರಿಸಲಿಲ್ಲವಂತೆ. ಮೊದಲ ರಾತ್ರಿ ಕೆಳಗೆ ಹಾಡು ಕೇಳಿತಂತೆ, ಇನ್ನೇನು ಹತ್ತಿ ಬರುತ್ತಾರೆಂದು ಸೀರೆ ಬದಲಿಸಿ ಕುಳಿತರಂತೆ. ಹಾಡು ದೂರ ಹೋದ ಮೇಲೆ, ನಾಳೆ ಬರುತ್ತಾರೇನೋ ಎಂದುಕೊಂಡರಂತೆ.

ಅವರ ಮಾತಿನಲ್ಲಿ ದೂರು ಇರಲಿಲ್ಲ. ಆ ದಿನಗಳಲ್ಲಿ ಚಳಿ ಹೇಗಿತ್ತು, ನಾಯಿ ಹೇಗೆ ಬೊಗಳುತ್ತಿತ್ತು ಎಂಬುದನ್ನು ಹೇಳಿದಷ್ಟೇ ಸಹಜವಾಗಿ ಅದನ್ನೂ ಹೇಳಿದರು. ನಾನು ತಪ್ಪಾಯಿತು ಮಾಮಿ ಎಂದೆ. "ತಪ್ಪೇನು ಬಂತು, ನಿಮಗೆ ಎಷ್ಟು ಮನೆ ಇರುತ್ತದೆ," ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು. ಇಳಿದು ಬರುವಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಹಾಡುವ ಮಕ್ಕಳಿಗೆ ಹಂಚು, ಡಬ್ಬಿ ಮಾತ್ರ ಹಿಂದಕ್ಕೆ ಬೇಕು ಎಂದರು.

ಖಾನೇಷುಮಾರಿ

ಆ ಮೇಲೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು, ಪ್ರತಿ ಕ್ರಿಸ್ಮಸ್ಸಿಗೆ ಕೇಳಿ ಬಾಯಿಪಾಠವಾದ ಆ ಅಧ್ಯಾಯವನ್ನು, ನಾನು ಎಷ್ಟೋ ಸಲ ಓದಿದ್ದೇನೆ. ನಾವು ಓದುವ ಹಳೆಯ ಕನ್ನಡ ಅನುವಾದದಲ್ಲಿ ಅದು ಆರಂಭವಾಗುವುದೇ ಖಾನೇಷುಮಾರಿ ಎಂಬ ಶಬ್ದದಿಂದ: ರಾಜ್ಯದವರೆಲ್ಲರೂ ಹೆಸರು ಬರೆಯಿಸಿಕೊಳ್ಳಬೇಕೆಂದು ಔಗುಸ್ತ ಚಕ್ರವರ್ತಿಯಿಂದ ಹೊರಟ ಆಜ್ಞೆ. ಸರಕಾರದ ಕಚೇರಿಯ ಈ ಶಬ್ದ ಫಾರಸಿಯಿಂದ ಬಂದದ್ದು. ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಜನಗಣತಿ ಎಂಬ ಈಗಿನ ಮಾತಿನಲ್ಲಿ ಜನರಿದ್ದಾರೆ, ಹಳೆಯ ಮಾತಿನಲ್ಲಿ ಮನೆಗಳಿವೆ. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಮಿಶನರಿ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗಿನಿಂದ ಅದನ್ನು ತಿದ್ದಿ ತೀಡಿದ ಅನೇಕರು, ಊರಿನ ಜನ ದಿನವೂ ಆಡುವ ಶಬ್ದಗಳನ್ನೇ ಆರಿಸಿಕೊಂಡದ್ದು ನಮ್ಮ ಭಾಗ್ಯ. ತಂಗಲು ಸ್ಥಳವಿಲ್ಲದ ಕಡೆಯನ್ನು ಛತ್ರ ಎಂದರು, ಮಗುವನ್ನು ಮಲಗಿಸಿದ ಜಾಗವನ್ನು ಗೋದಲಿ ಎಂದರು. ನನ್ನ ಅಜ್ಜಿಯ ಮನೆಯ ಹಟ್ಟಿಯಲ್ಲಿ ಗೋದಲಿ ಇತ್ತು. ಹುಲ್ಲು ಜಗಿದು ನುಣುಪಾದ ಅದರ ಮರದ ಅಂಚಿನ ಮೇಲೆ ಕುಳಿತು ನಾವು ಕರುವನ್ನು ಮುಟ್ಟುತ್ತಿದ್ದೆವು. ಆ ಶಬ್ದವನ್ನು ದೇವಾಲಯದಲ್ಲಿ ಕೇಳಿದಾಗ ನನಗೆ ಬೇತ್ಲೆಹೇಮು ಎಂದೂ ದೂರದ ಊರಾಗಿ ಕಂಡದ್ದಿಲ್ಲ.

ನನ್ನನ್ನು ಈಗ ಕಾಡುವುದು ಆ ಎಣಿಕೆ. ಯೋಸೇಫನೂ ಮರಿಯಳೂ ಆ ದಿನ ಬೇತ್ಲೆಹೇಮಿಗೆ ಬಂದದ್ದು ಹೆಸರು ಬರೆಯಿಸಲು; ಚಕ್ರವರ್ತಿಯ ಪಟ್ಟಿಯಲ್ಲಿ ಅವರಿಗೆ ಸ್ಥಳ ಸಿಕ್ಕಿತು, ಛತ್ರದಲ್ಲಿ ಸಿಗಲಿಲ್ಲ. ಛತ್ರದವನು ಕೆಟ್ಟವನೆಂದು ಲೂಕನು ಎಲ್ಲಿಯೂ ಹೇಳುವುದಿಲ್ಲ. ನಮ್ಮ ಮಕ್ಕಳ ರೂಪಕದಲ್ಲಿ ಒಬ್ಬ ಹುಡುಗ ಪ್ರತಿ ವರ್ಷ ಬಾಗಿಲು ಬಡಿದು ಹಾಕಿ ಗದರುತ್ತಾನೆ. ಸುವಾರ್ತೆಯಲ್ಲಿ ಅಂಥ ಮನುಷ್ಯನೇ ಇಲ್ಲ, ಸ್ಥಳವಿರಲಿಲ್ಲ ಎಂಬ ಒಂದು ಮಾತಷ್ಟೇ ಇದೆ. ಅದು ನನ್ನ ಪಟ್ಟಿಯಂಥದ್ದೇ ಮಾತು. ಐದು ರಾತ್ರಿಯಲ್ಲಿ ಸ್ಥಳವಿರಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಎಲ್ಲರೂ ಒಪ್ಪಿದ್ದರು, ಸೂಚನೆಯೂ ಹೋಗಿತ್ತು. ಸಿದ್ಧತೆ ಎಂಬ ಹೆಸರಿನಲ್ಲಿ ನಾವು ಮಾಡುವ ಕೆಲಸಗಳಲ್ಲಿ ಒಂದು ಮನೆ ಹೀಗೆ ಬಿಟ್ಟುಹೋಗುವುದಕ್ಕೆ ಯಾರ ದ್ವೇಷವೂ ಬೇಕಾಗುವುದಿಲ್ಲ ಎಂಬುದೇ ನನಗೆ ಇಂದಿಗೂ ನುಂಗಲಾಗದ ಸಂಗತಿ. ಆ ವರ್ಷ ನಮ್ಮ ಇಡೀ ಸಭೆಯಲ್ಲಿ ಆಗಮನ ಕಾಲವನ್ನು ನಿಜವಾಗಿ ಆಚರಿಸಿದವರು ಆ ಮಾಮಿ ಒಬ್ಬರೇ. ದೀಪ ಹಚ್ಚಿಟ್ಟು, ಬರುವವರಿಗಾಗಿ ತಿಂಡಿ ಮಾಡಿಟ್ಟು, ಕಿವಿಗೊಟ್ಟು ಕುಳಿತಿದ್ದರು. ಬರಬೇಕಾಗಿದ್ದವರು ನಾವು.

ಆರು ಟಾರ್ಚುಗಳು

2024ರಲ್ಲಿ ಪಟ್ಟಿಯನ್ನು ತಿರುಗಿಸಿ ಬರೆದೆ. ಪ್ರತಿ ರಾತ್ರಿಯೂ ಆ ದಿಕ್ಕಿನ ಕೊನೆಯ ಮನೆ ಮೊದಲು. ಯುವಜನ ಸಂಘದಲ್ಲಿ ಮೊದಲು ಗೊಣಗಾಟವಾಯಿತು. ವ್ಯಾನಿನ ಡೀಸೆಲ್ ಲೆಕ್ಕವೂ ಎದ್ದಿತು. ನಾನು ಆ ಹಿರಿಯರ ಕ್ರಮವನ್ನು ಅವರಿಗೆ ವಿವರಿಸಿದೆ, ಡಬ್ಬಿಯ ಕಥೆಯನ್ನೂ ಹೇಳಿದೆ. ಅದನ್ನು ತಿಂದವರು ಅವರೇ ಆಗಿದ್ದರಿಂದ ಹೆಚ್ಚು ಹೇಳಬೇಕಾಗಲಿಲ್ಲ. ಗುಡ್ಡದ ಕಡೆಯ ರಾತ್ರಿಗೆ ಮೂವತ್ತರಲ್ಲಿ ಹನ್ನೊಂದು ಜನ ಬಂದರು. ಡ್ರಮ್ಮನ್ನು ರಸ್ತೆಯಲ್ಲಿಯೇ ಬಿಟ್ಟೆವು, ಒಂದು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು, ಆರು ಟಾರ್ಚುಗಳ ಬೆಳಕಿನಲ್ಲಿ ಕಾಲುಸಂಕ ದಾಟಿ ಮೆಟ್ಟಿಲು ಹತ್ತಿದೆವು. ಖಾಲಿ ಡಬ್ಬಿ ನನ್ನ ಕೈಯಲ್ಲಿತ್ತು.

ಮಾಮಿ ಅಂಗಳಕ್ಕೆ ಬಂದು ನಿಂತಿದ್ದರು. ಮೊದಲ ಹಾಡನ್ನು ಎತ್ತಿಕೊಂಡಾಗ, ನಮ್ಮಲ್ಲಿ ಆ ರಾತ್ರಿ ಆಲ್ಟೊ ಎಂಬ ಹೆಂಗಸರ ಕೆಳಸ್ವರ ಹಾಡುವವರು ಯಾರೂ ಬಂದಿಲ್ಲವೆಂಬುದು ಎರಡನೆಯ ಸಾಲಿಗೇ ತಿಳಿಯಿತು. ಹಾಡು ನಡುವೆ ಟೊಳ್ಳಾಗಿ ಕೇಳುತ್ತಿತ್ತು. ಮೂರನೆಯ ಸಾಲಿನಲ್ಲಿ ಆ ಸ್ವರ ಬಂತು. ತೆಳ್ಳಗೆ, ಸ್ವಲ್ಪ ನಡುಗುತ್ತ, ಆದರೆ ಎಲ್ಲಿಯೂ ಜಾರದೆ, ಮಾಮಿ ಹಾಡುತ್ತಿದ್ದರು. ಮದುವೆಗೆ ಮೊದಲು ಅವರು ಎಂಟು ವರ್ಷ ಗಾಯನ ಮಂಡಳಿಯಲ್ಲಿದ್ದವರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಭೆಯ ದಾಖಲೆ ಪುಸ್ತಕದಲ್ಲಿ ಅವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಗಂಡನ ಸಾವು ಎಲ್ಲ ಇದೆ. ಇದು ಇಲ್ಲ. ಹುಡುಗಿಯರಿಬ್ಬರು ಮೆಲ್ಲನೆ ಸರಿದು ಅವರ ಎರಡೂ ಬದಿಗೆ ನಿಂತು, ಅವರ ಸ್ವರವನ್ನು ಕೇಳಿ ಕೇಳಿ ತಾವೂ ಹಿಡಿದುಕೊಂಡರು. ಮೂರು ಹಾಡೆಂದು ಬಂದವರು ಏಳು ಹಾಡಿದೆವು.

ಈ ವರ್ಷದ ಸಮಿತಿ ಕೂಟ ಕಳೆದ ವಾರ ಮುಗಿಯಿತು. ಆರು ರಾತ್ರಿಗಳು ಸಿಕ್ಕಿವೆ. ಗುಡ್ಡದ ಮನೆಯ ಹೆಸರನ್ನು ಮೊದಲ ರಾತ್ರಿಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಆದರೆ ಪಟ್ಟಿ ಮುಗಿದಿಲ್ಲ. ಮೂರು ತಿಂಗಳಿಂದ ನಮ್ಮ ದೇವಾಲಯದ ಹಿಂದಿನ ಬೆಂಚಿನಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳ ಒಂದು ಕುಟುಂಬ ಬಂದು ಕುಳಿತುಕೊಳ್ಳುತ್ತಿದೆ. ಉತ್ತರ ಕರ್ನಾಟಕದ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಜರ್ಮನ್ ರಾಗಗಳು ಅವರಿಗೆ ಬರುವುದಿಲ್ಲ, ಅವರ ಊರಿನ ಭಜನೆಯ ಧಾಟಿ ನಮಗೆ ಬರುವುದಿಲ್ಲ. ಕರ್ತನ ಪ್ರಾರ್ಥನೆ ಮಾತ್ರ ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ಅವರ ಚಿಕ್ಕ ಮಗಳು ಅದನ್ನು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾಳೆ. ಅವರ ಹೆಸರು ಸಭೆಯ ದಾಖಲೆಯಲ್ಲಿ ಇಲ್ಲ. ಕೂಟದಲ್ಲಿ ಒಬ್ಬರು, ಅವರು ನಮ್ಮ ಸಭೆಯವರಲ್ಲವಲ್ಲ, ನಾಳೆ ಕೆಲಸ ಮುಗಿದರೆ ಹೊರಟುಹೋಗುವವರು ಎಂದರು. ಸಭಾಪಾಲಕರು ನನ್ನ ಮುಖ ನೋಡಿದರು. ನಾನು ಪುಸ್ತಕದ ಕೊನೆಯ ಪುಟದಲ್ಲಿ ಅವರಿಗೊಂದು ಸಾಲು ಬಿಟ್ಟು, ರಾತ್ರಿಯ ಹೊತ್ತು ಅವರು ಇರುವುದು ಕಟ್ಟಡದ ಬಳಿಯ ಶೆಡ್ಡಿನಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ಎಂದು ಬರುವ ಆದಿತ್ಯವಾರ ಆರಾಧನೆ ಮುಗಿದ ಕೂಡಲೇ, ಅವರು ಹೊರಟುಹೋಗುವ ಮೊದಲು, ಬಾಗಿಲ ಬಳಿ ನಿಂತು ಕೇಳಬೇಕೆಂದು ಗುರುತು ಹಾಕಿಕೊಂಡಿದ್ದೇನೆ.